ಭ್ರಷ್ಟಾಚಾರದಿಂದ ಹೊರಬಂದವರು ಮೊದಲು ಕೈಹಾಕಿದ್ದು ಎಲ್ಲಿಗೆ?

ಪ್ರಶ್ನೆ: ಸರ್ಕಾರಗಳು ಬದಲಾಗುತ್ತವೆ, ಹೊಸ ಕಾನೂನು ಬರುತ್ತದೆ, ಆಯೋಗ ರಚನೆಯಾಗುತ್ತದೆ, ಒಬ್ಬಿಬ್ಬರು ಜೈಲಿಗೂ ಹೋಗಿಬರುತ್ತಾರೆ. ಅಷ್ಟರಲ್ಲಿ ಎಲ್ಲ ಮತ್ತೆ ಮೊದಲಿನ ಹಾಗೆಯೇ. ರಾಜಕೀಯ ಭ್ರಷ್ಟಾಚಾರದಿಂದ ನಿಜಕ್ಕೂ ಹೊರಬಂದ ಸಮಾಜ ಯಾವುದಾದರೂ ಇದೆಯೇ? ಇದ್ದರೆ ಅವರು ಎಲ್ಲಿಂದ ಶುರುಮಾಡಿದರು? ಜನರ ಮನಸ್ಸೇ ಬದಲಾಗದೆ ಇದು ಆಗುವ ಮಾತೇ?

ಉತ್ತರ: ಇವೆ. ಇಂದು ಶುದ್ಧ ಆಡಳಿತಕ್ಕೆ ಹೆಸರಾದ ಹಲವು ದೇಶಗಳು ಒಂದು ಕಾಲಕ್ಕೆ ಹಾಗಿರಲಿಲ್ಲ. ಬ್ರಿಟನ್ನಿನಲ್ಲಿ ಸೈನ್ಯದ ಅಧಿಕಾರಿ ಹುದ್ದೆ 1871ರವರೆಗೆ ಕಾನೂನುಬದ್ಧವಾಗಿಯೇ ಮಾರಾಟಕ್ಕಿತ್ತು; ಮತದಾರರಿಗೆ ಹಣ, ಮದ್ಯ ಹಂಚುವುದು ಚುನಾವಣೆಯ ಮಾಮೂಲಿ ಖರ್ಚಾಗಿತ್ತು. ಅಮೆರಿಕದಲ್ಲಿ ಗೆದ್ದ ಪಕ್ಷ ಅಂಚೆ ಕಚೇರಿಯ ಹುದ್ದೆಗಳ ತನಕ ತನ್ನವರನ್ನೇ ಕೂರಿಸುತ್ತಿತ್ತು. ಹುದ್ದೆ ಸಿಗದ ಒಬ್ಬ 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ಮೇಲೆ ಗುಂಡು ಹಾರಿಸಿ ಕೊಂದ ಮೇಲಷ್ಟೇ, 1883ರಲ್ಲಿ, ಪರೀಕ್ಷೆಯ ಮೂಲಕ ನೇಮಕಾತಿ ಮಾಡುವ ಪೆಂಡಲ್ಟನ್ ಕಾಯ್ದೆ ಬಂತು. 1970ರ ಆಸುಪಾಸಿನ ಹಾಂಗ್‌ಕಾಂಗ್‌ನಲ್ಲಿ ಬೆಂಕಿ ಆರಿಸಲು ಬಂದವರು ಕೊಳವೆಗೆ ನೀರು ಬಿಡುವ ಮುಂಚೆ 'ನೀರಿನ ಹಣ' ಕೇಳುತ್ತಿದ್ದರು.

ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಬಹಳಷ್ಟು ಶ್ರಮ ವ್ಯರ್ಥವಾಗುವುದು ಅಲ್ಲಿಯೇ. ಎಲ್ಲರೂ ಕೊಡುತ್ತಾರೆ ಎಂದು ನಂಬಿದವನು, ತಾನು ಲಂಚವನ್ನು ಎಷ್ಟೇ ದ್ವೇಷಿಸಲಿ, ಕೊಟ್ಟೇ ಕೊಡುತ್ತಾನೆ. ಕೊಡದಿದ್ದರೆ ನಷ್ಟ ಅವನೊಬ್ಬನದು, ಲಾಭ ಯಾರಿಗೂ ಇಲ್ಲ. ಹಾಗಾಗಿ ಇಲ್ಲಿ ಕೆಲಸ ಮಾಡುವುದು ನೈತಿಕತೆಗಿಂತ ನಿರೀಕ್ಷೆ: ಪಕ್ಕದವನು ಏನು ಮಾಡುತ್ತಾನೆ, ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬ ಲೆಕ್ಕಾಚಾರ. 'ಭ್ರಷ್ಟಾಚಾರ ದೇಶವನ್ನು ತಿನ್ನುತ್ತಿದೆ' ಎಂಬ ಜಾಗೃತಿ ಫಲಕಗಳು ಈ ಲೆಕ್ಕವನ್ನು ತಿರುಗುಮುರುಗು ಮಾಡಬಲ್ಲವು. ನೈಜೀರಿಯಾದ ಲಾಗೋಸ್‌ನಲ್ಲಿ ಸಂಶೋಧಕರು ಇಂಥ ಸಂದೇಶಗಳನ್ನು ಪರೀಕ್ಷಿಸಿದಾಗ, ಸಂದೇಶ ಕೇಳಿಸಿಕೊಂಡವರು ಲಂಚ ಕೊಡುವ ಸಾಧ್ಯತೆ ಕಡಿಮೆಯಾಗುವ ಬದಲು ಕೆಲವರಲ್ಲಿ ಹೆಚ್ಚೇ ಆಗಿತ್ತು. ಎಲ್ಲೆಲ್ಲೂ ಇದೇ ಇದೆ ಎಂದು ಸರ್ಕಾರವೇ ಹೇಳಿದರೆ ಜನ ಕಲಿಯುವ ಪಾಠವೂ ಅದೇ. ಮನಸ್ಸು ಬದಲಾಗುವುದು ನಿಜ, ಆದರೆ ವ್ಯವಸ್ಥೆ ಬದಲಾದದ್ದು ಕಣ್ಣಿಗೆ ಕಂಡ ಮೇಲೆ. ಕ್ರಮವನ್ನು ಹಿಂದುಮುಂದು ಮಾಡಬಾರದು.

ಸಾಲ ಮೊದಲು, ಲೂಟಿ ಆಮೇಲೆ

ಕೌಂಟರಿನಲ್ಲಿ ಕೈ ಬೆಚ್ಚಗೆ ಮಾಡಿಸಿಕೊಳ್ಳುವ ಗುಮಾಸ್ತನ ಲಂಚ ಬೇರೆ, ರಾಜಕೀಯ ಭ್ರಷ್ಟಾಚಾರ ಬೇರೆ. ಎರಡನೆಯದು ಒಂದು ಸರಪಳಿ. ಚುನಾವಣೆಗೆ ಲೆಕ್ಕವಿಲ್ಲದ ಹಣ ಬೇಕು. ಅದನ್ನು ಯಾರೋ ಕೊಡುತ್ತಾರೆ. ಗೆದ್ದವನು ಅದನ್ನು ತೀರಿಸಬೇಕು. ಸ್ವಂತ ಜೇಬಿನಿಂದ ತೀರಿಸಲಾಗದ್ದರಿಂದ ಗುತ್ತಿಗೆ, ಪರವಾನಗಿ, ಗಣಿ, ಭೂಪರಿವರ್ತನೆ, ತೆರಿಗೆ ವಿನಾಯಿತಿಗಳ ರೂಪದಲ್ಲಿ ತೀರಿಸುತ್ತಾನೆ. ಅದಕ್ಕೆ ಸರಿಯಾದ ಕುರ್ಚಿಯಲ್ಲಿ ತನ್ನ ಮಾತು ಕೇಳುವ ಅಧಿಕಾರಿ ಇರಬೇಕು, ಆದ್ದರಿಂದ ವರ್ಗಾವಣೆಗೆ ಬೆಲೆ ಬರುತ್ತದೆ. ಕುರ್ಚಿಗೆ ದುಡ್ಡು ಕೊಟ್ಟು ಬಂದವನು ಅದನ್ನು ಕೆಳಗಿನಿಂದ ವಸೂಲಿ ಮಾಡುತ್ತಾನೆ. ಇಷ್ಟೆಲ್ಲ ನಡೆಯುವಾಗ ತನಿಖೆ ಮಾಡಬೇಕಾದವರು, ಲೆಕ್ಕ ಪರಿಶೋಧಿಸಬೇಕಾದವರು, ಬರೆಯಬೇಕಾದವರು ಸುಮ್ಮನಿರಬೇಕು, ಹಾಗಾಗಿ ಅವರಿಗೂ ಪಾಲು.

ಈ ಸರಪಳಿಯಲ್ಲಿ ಒಬ್ಬ ಮಂತ್ರಿಯನ್ನು ಬಂಧಿಸಿದರೆ ಆ ಕೊಂಡಿಗೆ ಬೇರೆಯವನು ಬರುತ್ತಾನೆ, ಏಕೆಂದರೆ ಸಾಲ ಹಾಗೇ ಇದೆ, ಸಾಲ ಕೊಟ್ಟವನೂ ಹಾಗೇ ಇದ್ದಾನೆ. 'ಎಲ್ಲ ಮತ್ತೆ ಮೊದಲಿನ ಹಾಗೆಯೇ' ಎಂದು ನೀವು ಗಮನಿಸಿದ್ದಕ್ಕೆ ಕಾರಣ ಇಷ್ಟೇ.

ಯಾವ ಕೊಂಡಿ ಎಷ್ಟು ಮುಖ್ಯ ಎಂಬುದಕ್ಕೆ ಅಪರೂಪದ ದಾಖಲೆಯೊಂದು ಪೆರುವಿನಲ್ಲಿದೆ. ಅಧ್ಯಕ್ಷ ಫುಜಿಮೊರಿಯ ಗುಪ್ತಚರ ಮುಖ್ಯಸ್ಥ ಮೊಂಟೆಸಿನೋಸ್ 1990ರ ದಶಕದಲ್ಲಿ ತಾನು ಕೊಟ್ಟ ಲಂಚಗಳಿಗೆ ರಸೀದಿ ಬರೆಸಿಕೊಳ್ಳುತ್ತಿದ್ದ, ಕೊಡುವುದನ್ನು ವಿಡಿಯೊ ಮಾಡಿಡುತ್ತಿದ್ದ. ಈ ಲೆಕ್ಕವನ್ನು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದಾಗ, ಒಬ್ಬ ಟಿವಿ ವಾಹಿನಿಯ ಮಾಲೀಕನಿಗೆ ಸಂದಾಯವಾದದ್ದು ಒಬ್ಬ ರಾಜಕಾರಣಿಗೆ ಕೊಟ್ಟದ್ದರ ಸುಮಾರು ನೂರು ಪಟ್ಟು. ನ್ಯಾಯಾಧೀಶರ ದರ ರಾಜಕಾರಣಿಗಿಂತಲೂ ಸ್ವಲ್ಪ ಕಡಿಮೆ. ಲಂಚ ಕೊಡುವವನೇ ಯಾವ ಸಂಸ್ಥೆಗೆ ಎಷ್ಟು ಹೆದರುತ್ತಿದ್ದ ಎಂಬುದರ ಬೆಲೆಪಟ್ಟಿ ಅದು. ಕೊನೆಗೆ ಅವನನ್ನು ಕೆಡವಿದ್ದೂ ಅದೇ: ಅವನು ಕೊಂಡಿರದ ಒಂದು ಸಣ್ಣ ಕೇಬಲ್ ವಾಹಿನಿ 2000ದ ಸೆಪ್ಟೆಂಬರಿನಲ್ಲಿ ಒಂದು ವಿಡಿಯೊ ಪ್ರಸಾರ ಮಾಡಿತು, ನವೆಂಬರಿನ ಹೊತ್ತಿಗೆ ಸರ್ಕಾರ ಉರುಳಿತ್ತು.

ಆಯೋಗದ ಒಳರಚನೆ

ಹಾಂಗ್‌ಕಾಂಗ್‌ನ ಮಾದರಿಯನ್ನು ಎಲ್ಲರೂ ಉದಾಹರಿಸುತ್ತಾರೆ, ನಕಲು ಮಾಡಿದವರಲ್ಲಿ ಹೆಚ್ಚಿನವರು ಬೋರ್ಡನ್ನು ಮಾತ್ರ ನಕಲು ಮಾಡಿದ್ದಾರೆ. ನಡೆದದ್ದು ಹೀಗೆ. ಪೀಟರ್ ಗಾಡ್ಬರ್ ಎಂಬ ಹಿರಿಯ ಪೊಲೀಸ್ ಅಧಿಕಾರಿಯ ಬಳಿ ಸಂಬಳಕ್ಕೆ ತಾಳೆಯಾಗದ 43 ಲಕ್ಷ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚಿನ ಆಸ್ತಿ ಪತ್ತೆಯಾಯಿತು. ವಿವರಣೆ ಕೊಡಲು ಗಡುವು ಕೊಟ್ಟಿದ್ದಾಗಲೇ, 1973ರ ಜೂನ್‌ನಲ್ಲಿ, ತನ್ನ ಪೊಲೀಸ್ ಪಾಸ್ ಬಳಸಿ ವಿಮಾನ ನಿಲ್ದಾಣದ ತಪಾಸಣೆ ದಾಟಿ ಲಂಡನ್‌ಗೆ ಹಾರಿದ. ಜನ ಬೀದಿಗಿಳಿದರು. ಅಲ್ಲಿಯವರೆಗೆ ಭ್ರಷ್ಟಾಚಾರ ನಿಗ್ರಹ ದಳ ಪೊಲೀಸ್ ಇಲಾಖೆಯ ಒಳಗೇ ಇತ್ತು. 1974ರ ಫೆಬ್ರವರಿ 15ರಂದು ಅದನ್ನು ಹೊರತೆಗೆದು, ನೇರವಾಗಿ ಬ್ರಿಟಿಷ್ ಗವರ್ನರ್‌ಗೆ ವರದಿ ಮಾಡುವ ಸ್ವತಂತ್ರ ಆಯೋಗ, ಐಸಿಎಸಿ, ರಚಿಸಲಾಯಿತು. ಮರುವರ್ಷ ಗಾಡ್ಬರ್‌ನನ್ನು ಬ್ರಿಟನ್ನಿನಿಂದ ಎಳೆತಂದು ವಿಚಾರಣೆ ನಡೆಸಿ ನಾಲ್ಕು ವರ್ಷ ಜೈಲಿಗೆ ಹಾಕಿದರು.

ನೋಡಬೇಕಾದದ್ದು ಇದರ ಒಳಗಿನ ಜೋಡಣೆಯನ್ನು. ಆಯೋಗಕ್ಕೆ ಮೂರು ವಿಭಾಗ. ಒಂದು ತನಿಖೆಗೆ. ಇನ್ನೊಂದು, ಎಲ್ಲರೂ ಮರೆಯುವ ವಿಭಾಗ, ಬೇರೆ ಇಲಾಖೆಗಳಿಗೆ ಹೋಗಿ ಅವುಗಳ ಕೆಲಸದ ವಿಧಾನವನ್ನೇ ಬಿಚ್ಚಿ ನೋಡುತ್ತದೆ: ಯಾವ ಅರ್ಜಿ ಯಾರ ಮೇಜಿನ ಮೇಲೆ ಎಷ್ಟು ದಿನ ಕೂರುತ್ತದೆ, ಯಾವ ಸಹಿ ಅನಗತ್ಯ, ಎಲ್ಲಿ ಒಬ್ಬನೇ ಪರಿಶೀಲಿಸಿ ಒಬ್ಬನೇ ಮಂಜೂರು ಮಾಡುತ್ತಾನೆ. ಮೂರನೆಯದು ಜನಸಂಪರ್ಕ, ಬಡಾವಣೆಗಳಲ್ಲಿ ಕಚೇರಿ ತೆರೆದು ಮುಖಾಮುಖಿ ದೂರು ಪಡೆಯುವುದು. ಅದರ ಜೊತೆಗೆ ಎರಡು ಬೀಗ. ತನಿಖೆ ಮಾಡುವುದು ಆಯೋಗ, ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವುದು ಸರ್ಕಾರದ ಕಾನೂನು ಅಧಿಕಾರಿ. ಹೀಗಾಗಿ ಆಯೋಗ ತಾನೇ ಬೆದರಿಕೆಯ ಅಂಗಡಿಯಾಗಲು ಆಗದು. ಇನ್ನೊಂದು ಬೀಗ, ದೂರುಗಳ ಗತಿಯನ್ನು ಹೊರಗಿನ ನಾಗರಿಕರಿರುವ ಪರಿಶೀಲನಾ ಸಮಿತಿಯ ಮುಂದಿಡಬೇಕು. ಫೈಲನ್ನು ಸದ್ದಿಲ್ಲದೆ ಮುಚ್ಚಿಹಾಕುವಂತಿಲ್ಲ. ಸಂಬಳಕ್ಕೆ ಮೀರಿದ ಆಸ್ತಿ ಇದ್ದರೆ ಅದು ಎಲ್ಲಿಂದ ಬಂತೆಂದು ವಿವರಿಸುವ ಹೊಣೆ ನೌಕರನದೇ ಎಂಬ ಕಾನೂನು 1971ರಲ್ಲೇ ಇತ್ತು. ಅದನ್ನು ಬಳಸುವ ಕೈ ಇರಲಿಲ್ಲ, ಅಷ್ಟೇ.

ಈ ಕಥೆಯಲ್ಲಿ ಮುಜುಗರದ ಭಾಗವೂ ಇದೆ. 1977ರ ಅಕ್ಟೋಬರಿನಲ್ಲಿ ಪೊಲೀಸರೇ ಬಂಡಾಯವೆದ್ದು ಆಯೋಗದ ಕಚೇರಿಗೆ ನುಗ್ಗಿದರು. ಗವರ್ನರ್ ಮೆಕ್ಲೆಹೋಸ್ ಹಿಂದೆ ಸರಿದು, 1977ರ ಜನವರಿ 1ಕ್ಕಿಂತ ಹಿಂದಿನ ಬಹುತೇಕ ಅಪರಾಧಗಳನ್ನು ಬೆನ್ನಟ್ಟುವುದಿಲ್ಲ ಎಂದು ಭಾಗಶಃ ಕ್ಷಮಾದಾನ ಘೋಷಿಸಿದ. ಶರಣಾಗತಿ ಎಂದು ಆಗ ಹಲವರು ಬೈದರು. ಹಿಂತಿರುಗಿ ನೋಡಿದರೆ ಅದು ಕೆಲಸ ಮಾಡಿತು ಎಂದೇ ನನ್ನ ಅಭಿಪ್ರಾಯ. ಇಡೀ ಇಲಾಖೆ ತಪ್ಪಿತಸ್ಥವಾಗಿರುವಾಗ ಪ್ರತಿಯೊಬ್ಬನಿಗೂ ಹಳೆಯದನ್ನು ಮುಚ್ಚಿಡುವ ಅನಿವಾರ್ಯತೆ ಇರುತ್ತದೆ. ಒಂದು ದಿನಾಂಕದ ಗೆರೆ ಎಳೆದರೆ ಆ ಗೆರೆಯ ಈಚೆಗೆ ಶುದ್ಧವಾಗಿರಲು ಅವರಿಗೆ ಕಾರಣ ಸಿಗುತ್ತದೆ. ಷರತ್ತು ಒಂದೇ: ಗೆರೆ ಒಮ್ಮೆ ಮಾತ್ರ. ಎರಡನೆಯ ಸಲ ಕ್ಷಮಿಸಿದರೆ ಮೂರನೆಯದಕ್ಕೆ ಎಲ್ಲರೂ ಕಾಯುತ್ತಾರೆ.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಜಾರ್ಜಿಯಾ. 2003ರ ಕ್ರಾಂತಿಯ ನಂತರ ಬಂದ ಸರ್ಕಾರ ಸುಮಾರು 16,000 ಸಂಚಾರ ಪೊಲೀಸರನ್ನು ಒಟ್ಟಿಗೇ ಮನೆಗೆ ಕಳಿಸಿ, ಹೊಸಬರನ್ನು ಹಲವು ಪಟ್ಟು ಸಂಬಳಕ್ಕೆ ನೇಮಿಸಿತು. ವಿಶ್ವವಿದ್ಯಾಲಯದ ಸೀಟುಗಳು ಬಹಿರಂಗವಾಗಿ ಮಾರಾಟವಾಗುತ್ತಿದ್ದ ದೇಶದಲ್ಲಿ 2005ರಿಂದ ಒಂದೇ ರಾಷ್ಟ್ರೀಯ ಪ್ರವೇಶ ಪರೀಕ್ಷೆ. ಪ್ರಶ್ನೆಪತ್ರಿಕೆ ಹೊರದೇಶದಲ್ಲಿ ಮುದ್ರಣ, ಮೊಹರು ಮಾಡಿದ ಚೀಲಗಳಲ್ಲಿ ಸಾಗಣೆ, ಪರೀಕ್ಷಾ ಕೊಠಡಿಯಲ್ಲಿ ಕ್ಯಾಮೆರಾ, ಹೊರಗೆ ಪರದೆಯ ಮೇಲೆ ನೋಡುತ್ತ ನಿಂತ ಪೋಷಕರು. ದಿನನಿತ್ಯದ ಲಂಚ ಕೆಲವೇ ವರ್ಷಗಳಲ್ಲಿ ಗಮನಾರ್ಹವಾಗಿ ಇಳಿಯಿತು. ಆದರೆ ಆ ವೇಗಕ್ಕೆ ಬೇಕಾದ ಅಧಿಕಾರವೆಲ್ಲ ಮೇಲಿನ ಕೆಲವರ ಕೈಯಲ್ಲಿ ಸೇರಿತು, ನ್ಯಾಯಾಲಯಗಳು ಸ್ವತಂತ್ರವಾಗಲಿಲ್ಲ. 2012ರಲ್ಲಿ ಜೈಲಿನ ಚಿತ್ರಹಿಂಸೆಯ ವಿಡಿಯೊಗಳು ಹೊರಬಿದ್ದವು, ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರ ಚುನಾವಣೆ ಸೋತಿತು. ಕೆಳಗಿನ ಲಂಚ ನಿಂತದ್ದನ್ನು ಮೇಲಿನ ಉತ್ತರದಾಯಿತ್ವ ಎಂದು ತಿಳಿಯಬಾರದು.

ಸಂಬಳ ಹೆಚ್ಚಿಸಿದರೆ ಸಾಕು ಎನ್ನುವವರಿಗೆ ಒಂದೇ ಮಾತು: ಘಾನಾ 2010ರಲ್ಲಿ ಪೊಲೀಸರ ಸಂಬಳವನ್ನು ದುಪ್ಪಟ್ಟು ಮಾಡಿತು, ಲಾರಿಗಳಿಂದ ಅವರು ವಸೂಲಿ ಮಾಡುವ ಮೊತ್ತ ಏರಿತು. ಜಾರ್ಜಿಯಾದಲ್ಲಿ ಸಂಬಳದ ಜೊತೆಗೆ ಕೆಲಸ ಹೋಗುವ ಭಯವೂ ಬಂದಿತ್ತು, ಘಾನಾದಲ್ಲಿ ಅದು ಬರಲಿಲ್ಲ.

ದುಡ್ಡು ಹೊರಬೀಳುವ ಜಾಗ: ಟೆಂಡರ್

ಸಾಲ ತೀರುವುದು ಬಹುಪಾಲು ಗುತ್ತಿಗೆಗಳಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ಟೆಂಡರನ್ನು 'ಫಿಕ್ಸ್' ಮಾಡುವುದು ಹರಾಜಿನ ದಿನ ಎಂದು ಜನ ಭಾವಿಸುತ್ತಾರೆ. ನಿಜವಾದ ಕೆಲಸ ಅದಕ್ಕೂ ಮುಂಚೆ, ಅದಕ್ಕೂ ನಂತರ ನಡೆಯುತ್ತದೆ.

ಮೊದಲು ಅಂದಾಜುಪಟ್ಟಿ. ಇಂತಿಷ್ಟು ಮೊತ್ತಕ್ಕಿಂತ ಮೇಲಿನ ಕಾಮಗಾರಿಗೆ ಮುಕ್ತ ಟೆಂಡರ್ ಕಡ್ಡಾಯ ಎಂದಿದ್ದರೆ, ಒಂದು ರಸ್ತೆಯನ್ನು ನಾಲ್ಕು ತುಂಡು ಮಾಡಿ ನಾಲ್ಕನ್ನೂ ಮಿತಿಯ ಕೆಳಗಿಳಿಸುತ್ತಾರೆ. ಪತ್ತೆ ಸುಲಭ: ಒಂದು ವರ್ಷದ ಎಲ್ಲ ಗುತ್ತಿಗೆಗಳನ್ನು ಮೊತ್ತದ ಪ್ರಕಾರ ಜೋಡಿಸಿ. ಮಿತಿಗಿಂತ ಒಂದೆರಡು ಪರ್ಸೆಂಟ್ ಕೆಳಗೆ ಗುಡ್ಡದಂತೆ ರಾಶಿ ಬಿದ್ದಿದ್ದು, ಮಿತಿಯ ಮೇಲೆ ಖಾಲಿ ಇದ್ದರೆ, ಅದು ಕಾಕತಾಳೀಯವಲ್ಲ. ನಂತರ ಷರತ್ತುಗಳು. ಬೇಡದ ಅನುಭವ, ನಿರ್ದಿಷ್ಟ ಯಂತ್ರ, ಒಂದೇ ಕಂಪನಿ ತಯಾರಿಸುವ ಅಳತೆ, ಹೀಗೆ ಬರೆದರೆ ಸ್ಪರ್ಧಿಗಳು ತಾವಾಗಿಯೇ ಉದುರುತ್ತಾರೆ. ನಂತರ ಸಮಯ: ಪ್ರಕಟಣೆ ಹಬ್ಬದ ರಜೆಯ ಮುನ್ನಾದಿನ, ಕೊನೆಯ ದಿನಾಂಕ ರಜೆ ಮುಗಿದ ಮರುದಿನ.

ಬಿಡ್ಡುಗಳು ಬಂದ ಮೇಲೂ ಗುರುತುಗಳಿರುತ್ತವೆ. ಸೋತವರೆಲ್ಲರ ದರ ಗೆದ್ದವನ ದರಕ್ಕಿಂತ ಒಂದೇ ಅನುಪಾತದಲ್ಲಿ ಹೆಚ್ಚು. ಎಲ್ಲರ ಅರ್ಜಿಯಲ್ಲೂ ಒಂದೇ ಕಾಗುಣಿತದ ತಪ್ಪು. ಮೂವರ ಠೇವಣಿಯ ಬ್ಯಾಂಕ್ ದಾಖಲೆಗಳ ಸಂಖ್ಯೆ ಅನುಕ್ರಮ. ಆನ್‌ಲೈನ್ ಆಗಿದ್ದರೆ ಮೂರೂ ಒಂದೇ ಕಂಪ್ಯೂಟರ್ ವಿಳಾಸದಿಂದ. ಸೋತವನು ಆಮೇಲೆ ಉಪಗುತ್ತಿಗೆದಾರನಾಗಿ ಕಾಣಿಸಿಕೊಂಡರೆ, ಅವನು ಸೋಲಲು ಪಡೆದ ಕೂಲಿ ಅದು.

ಅತಿ ದೊಡ್ಡ ತೂತು ಇರುವುದು ವರ್ಕ್ ಆರ್ಡರ್ ಕೊಟ್ಟ ನಂತರ. ಕಡಿಮೆ ದರಕ್ಕೆ ಗೆದ್ದು, ಮೂರು ತಿಂಗಳಲ್ಲಿ 'ಹೆಚ್ಚುವರಿ ಕೆಲಸ' ಎಂದು ಮೊತ್ತವನ್ನು ಏರಿಸಿಕೊಳ್ಳುವುದು. ಅಳತೆ ಪುಸ್ತಕದಲ್ಲಿ ಹದಿನೈದು ಸೆಂಟಿಮೀಟರ್ ಜಲ್ಲಿ, ನೆಲದಲ್ಲಿ ಹತ್ತು. ಬಹುತೇಕ ದೇಶಗಳ ಪಾರದರ್ಶಕ ಟೆಂಡರ್ ಪೋರ್ಟಲ್‌ಗಳು 'ಇಂಥವರಿಗೆ ಗುತ್ತಿಗೆ' ಎಂಬಲ್ಲಿಗೆ ನಿಂತುಬಿಡುತ್ತವೆ. ತಿದ್ದುಪಡಿ ಆದೇಶ, ಅಳತೆ, ಬಿಲ್, ಅಂತಿಮ ಪಾವತಿ ಕಾಣುವುದಿಲ್ಲ. ಉಕ್ರೇನ್ 2016ರಲ್ಲಿ ಕಡ್ಡಾಯಗೊಳಿಸಿದ ಪ್ರೊಜೊರೊ ವ್ಯವಸ್ಥೆಯಲ್ಲಿ ಹರಾಜು ಮುಗಿದ ಮೇಲೆ ಎಲ್ಲ ಬಿಡ್ಡುಗಳೂ ಎಲ್ಲರಿಗೂ ಕಾಣುತ್ತವೆ, ಸೋತವರದೂ ಸೇರಿ. ಸೋತ ಗುತ್ತಿಗೆದಾರನಿಗಿಂತ ಉತ್ಸಾಹಿ ಲೆಕ್ಕ ಪರಿಶೋಧಕ ಸಿಗಲಾರ. ಅವನ ಕೈಗೆ ಕಾಗದ ಕೊಡುವುದೇ ಆ ವಿನ್ಯಾಸದ ಜಾಣತನ.

ನೆಲವನ್ನೇ ಅಗೆದು ನೋಡಿದ ಪ್ರಯೋಗವೊಂದು ಇಂಡೋನೇಷ್ಯಾದಲ್ಲಿ ನಡೆಯಿತು. 608 ಹಳ್ಳಿಗಳ ರಸ್ತೆಗಳಲ್ಲಿ ಎಂಜಿನಿಯರುಗಳು ಗುಂಡಿ ತೋಡಿ ಪದರದ ಮಾದರಿ ತೆಗೆದರು, ಸ್ಥಳೀಯ ಸಾಮಗ್ರಿ ದರ ಸಂಗ್ರಹಿಸಿದರು, ಹೀಗೆ ಬಂದ ನಿಜವಾದ ವೆಚ್ಚವನ್ನು ಲೆಕ್ಕಪತ್ರದ ವೆಚ್ಚದೊಂದಿಗೆ ಹೋಲಿಸಿದರು. ಕೆಲವು ಹಳ್ಳಿಗಳಿಗೆ ಮೊದಲೇ ತಿಳಿಸಲಾಗಿತ್ತು: ನಿಮ್ಮಲ್ಲಿ ಸರ್ಕಾರಿ ಆಡಿಟ್ ಖಂಡಿತ ನಡೆಯುತ್ತದೆ, ಫಲಿತಾಂಶವನ್ನು ಊರ ಸಭೆಯಲ್ಲಿ ಓದಲಾಗುತ್ತದೆ. ಉಳಿದಕಡೆ ಎಂದಿನಂತೆ ನೂರಕ್ಕೆ ನಾಲ್ಕರ ಸಾಧ್ಯತೆ. ಖಚಿತ ಆಡಿಟ್ ಇದ್ದಲ್ಲಿ ಮಾಯವಾದ ಹಣ ಸುಮಾರು 8 ಶೇಕಡಾಂಶ ಕಡಿಮೆಯಾಯಿತು. ಜನರನ್ನು ಸಭೆಗೆ ಕರೆದು ಪ್ರಶ್ನೆ ಕೇಳಿಸುವುದರಿಂದ ಒಟ್ಟಾರೆ ಹೆಚ್ಚು ಪರಿಣಾಮವಾಗಲಿಲ್ಲ: ತನಗೆ ಸಿಗಬೇಕಾದ ಕೂಲಿ ಕಡಿಮೆಯಾದರೆ ಹಳ್ಳಿಯವನಿಗೆ ತಿಳಿಯುತ್ತದೆ, ಜಲ್ಲಿಯ ದಪ್ಪ ತಿಳಿಯುವುದಿಲ್ಲ. ಇನ್ನೊಂದು ಫಲಿತಾಂಶವನ್ನು ನಾನು ಎಲ್ಲ ಸುಧಾರಕರಿಗೂ ನೆನಪಿಸುತ್ತೇನೆ. ಆಡಿಟ್ ಇದ್ದ ಕಡೆ ಮುಖಂಡರ ನೆಂಟರಿಷ್ಟರಿಗೆ ಆ ಕಾಮಗಾರಿಯಲ್ಲಿ ಕೆಲಸ ಸಿಕ್ಕಿದ್ದು ಹೆಚ್ಚಾಗಿತ್ತು. ಒಂದು ಬಾಗಿಲು ಮುಚ್ಚಿದಾಗ ಹಣ ಪಕ್ಕದ ಬಾಗಿಲು ಹುಡುಕಿತ್ತು.

ಬ್ರೆಜಿಲ್ 2003ರಲ್ಲಿ ಇನ್ನೂ ಸರಳ ದಾರಿ ಹಿಡಿಯಿತು: ಯಾವ ಪುರಸಭೆಯನ್ನು ಆಡಿಟ್ ಮಾಡಬೇಕೆಂದು ಸಾರ್ವಜನಿಕವಾಗಿ ಲಾಟರಿ ಎತ್ತುವುದು. ವಿರೋಧಿಗಳ ಮೇಲೆ ಮಾತ್ರ ತನಿಖೆ ಎಂಬ ಆರೋಪಕ್ಕೆ ಜಾಗವೇ ಇಲ್ಲ. ಚುನಾವಣೆಗೆ ಮುಂಚೆ ವರದಿ ಹೊರಬಿದ್ದ ಕಡೆ ಭ್ರಷ್ಟ ಮೇಯರ್‌ಗಳು ಮರು ಆಯ್ಕೆಯಾಗುವುದು ಕಡಿಮೆಯಾಯಿತು, ಸ್ಥಳೀಯ ರೇಡಿಯೊ ಇದ್ದ ಊರುಗಳಲ್ಲಿ ಇನ್ನೂ ಹೆಚ್ಚಾಗಿ.

ಸರಪಳಿಯ ಮೊದಲ ಕೊಂಡಿ

ಚುನಾವಣಾ ವೆಚ್ಚವನ್ನು ಮುಟ್ಟದೆ ಉಳಿದದ್ದೆಲ್ಲ ಮಾಡಿದರೆ ಮೇಲ್ಪದರ ಬದಲಾಗುತ್ತದೆ, ಬೇರು ಹಾಗೇ ಇರುತ್ತದೆ. ಬ್ರಿಟನ್ ಇದನ್ನು ಮೂರು ಹೆಜ್ಜೆಯಲ್ಲಿ ಮಾಡಿತು, ಪ್ರತಿ ಹೆಜ್ಜೆಗೂ ಕಾರಣವಿತ್ತು. 1868ರಲ್ಲಿ ಚುನಾವಣಾ ತಕರಾರುಗಳ ವಿಚಾರಣೆ ಸಂಸದರ ಸಮಿತಿಯಿಂದ ನ್ಯಾಯಾಧೀಶರಿಗೆ ಹೋಯಿತು. ತಮ್ಮವರ ತಪ್ಪನ್ನು ತಾವೇ ವಿಚಾರಿಸುವುದು ನಿಂತಿತು. 1872ರಲ್ಲಿ ಗುಪ್ತ ಮತದಾನ. ಹಣ ಕೊಟ್ಟವನಿಗೆ ಮತ ಬಂದಿತೇ ಇಲ್ಲವೇ ಎಂದು ಖಾತ್ರಿಯಾಗದ ಮೇಲೆ ಕೊಳ್ಳುವುದು ಜೂಜಾಯಿತು. 1883ರ ಕಾಯ್ದೆ ವೆಚ್ಚಕ್ಕೆ ಮಿತಿ ಹಾಕಿತು, ಎಲ್ಲ ಖರ್ಚೂ ಒಬ್ಬ ಅಧಿಕೃತ ಏಜೆಂಟನ ಮೂಲಕವೇ ಹೋಗಬೇಕು, ಲೆಕ್ಕ ಸಲ್ಲಿಸಬೇಕು ಎಂದಿತು, ಏಜೆಂಟ್ ಮಾಡಿದ ತಪ್ಪಿಗೂ ಅಭ್ಯರ್ಥಿಯ ಆಯ್ಕೆ ರದ್ದಾಗುವಂತೆ ಮಾಡಿತು. ಈ ಕೊನೆಯ ಅಂಶವೇ ನಿರ್ಣಾಯಕ. 'ಬೆಂಬಲಿಗರು ಹಂಚಿದರು, ನನಗೆ ಗೊತ್ತಿಲ್ಲ' ಎಂಬ ನೆಪ ನಡೆಯದಾಯಿತು. 1885ರ ಚುನಾವಣೆಯಲ್ಲಿ ಮತದಾರರು ಬಹಳ ಹೆಚ್ಚಿದ್ದರೂ ಒಟ್ಟು ಖರ್ಚು ಇಳಿಯಿತು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು. ವೆಚ್ಚದ ಮಿತಿಯನ್ನು ವಾಸ್ತವಕ್ಕಿಂತ ತೀರಾ ಕೆಳಗೆ ಇಟ್ಟರೆ ಪ್ರತಿ ಅಭ್ಯರ್ಥಿಯೂ ಮೊದಲ ದಿನವೇ ಸುಳ್ಳು ಲೆಕ್ಕ ಬರೆಯುತ್ತಾನೆ. ಎಲ್ಲರೂ ಸುಳ್ಳು ಬರೆಯುವ ಕಡೆ ಯಾರನ್ನು ಬೇಕಾದರೂ ಹಿಡಿಯಬಹುದು, ಹಾಗಾಗಿ ಬೇಡವಾದವರನ್ನು ಮಾತ್ರ ಹಿಡಿಯುತ್ತಾರೆ. ಇನ್ನೊಂದು, ಅಭ್ಯರ್ಥಿಗೆ ಮಿತಿ ಹಾಕಿ ಪಕ್ಷಕ್ಕೆ ಹಾಕದಿರುವುದು, ಅಥವಾ ದೇಣಿಗೆಯ ಮೂಲ ಮುಚ್ಚಿಡಲು ಬಿಡುವುದು. ಭಾರತದ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಪಡಿಸಿದ್ದು ಮತದಾರನ ಮಾಹಿತಿ ಹಕ್ಕಿನ ಆಧಾರದ ಮೇಲೆಯೇ. ಯಾರು ಕೊಟ್ಟರು ಎಂದು ತಿಳಿದರೆ, ಕೊಟ್ಟವರಿಗೆ ಆಮೇಲೆ ಏನು ಸಿಕ್ಕಿತು ಎಂದು ಹೋಲಿಸಬಹುದು.

ಹೋಲಿಸಲು ಕಂಪನಿಯ ನಿಜವಾದ ಮಾಲೀಕ ಯಾರೆಂದು ತಿಳಿಯಬೇಕು. ಬ್ರಿಟನ್ 2016ರಲ್ಲಿ ಅಂಥ ಸಾರ್ವಜನಿಕ ನೋಂದಣಿ ತೆರೆಯಿತು, ಆದರೆ ಬರೆದುಕೊಟ್ಟದ್ದನ್ನು ಪರಿಶೀಲಿಸುವ ಅಧಿಕಾರ ನೋಂದಣಿ ಕಚೇರಿಗೆ ಇರಲಿಲ್ಲ. ಹಾಸ್ಯಾಸ್ಪದ ಹೆಸರುಗಳೆಲ್ಲ ದಾಖಲಾದವು. ಆ ಅಧಿಕಾರ ಕೊಡಲು 2023ರ ಕಾಯ್ದೆಯೇ ಬರಬೇಕಾಯಿತು. ಪರಿಶೀಲನೆಯಿಲ್ಲದ ಘೋಷಣೆ ಬೇನಾಮಿಗೆ ಸರ್ಕಾರಿ ಮೊಹರು ಹಾಕಿಕೊಟ್ಟಂತೆ. ರಾಜಕಾರಣಿಗಳ ಆಸ್ತಿ ಘೋಷಣೆಗೂ ಇದೇ ಮಾತು: ಪ್ರತಿವರ್ಷ ಒಂದಷ್ಟನ್ನು ಲಾಟರಿಯಿಂದ ಆರಿಸಿ ಭೂದಾಖಲೆ, ವಾಹನ, ಬ್ಯಾಂಕ್ ಖಾತೆಗಳ ಜೊತೆ ತಾಳೆ ನೋಡದಿದ್ದರೆ ಅದು ಬರೀ ಕಾಗದ.

ತಿರುಗೇಟು ಬರುತ್ತದೆ

ಯಶಸ್ಸಿನ ಮೊದಲ ಲಕ್ಷಣವೇ ತಿರುಗೇಟು. ಅದರ ವಿಧಾನಗಳು ದೇಶದಿಂದ ದೇಶಕ್ಕೆ ಹೆಚ್ಚು ಬದಲಾಗುವುದಿಲ್ಲ. ನೈಜೀರಿಯಾದಲ್ಲಿ ಮುಖ್ಯಸ್ಥನನ್ನೇ ತೆಗೆದರು: 2007ರ ಡಿಸೆಂಬರಿನಲ್ಲಿ ಮಾಜಿ ಗವರ್ನರ್ ಇಬೋರಿಯನ್ನು ಬಂಧಿಸಿದ ಕೆಲವೇ ವಾರಗಳಲ್ಲಿ ತನಿಖಾ ಸಂಸ್ಥೆಯ ಮುಖ್ಯಸ್ಥ ರಿಬಾಡುವನ್ನು ತರಬೇತಿಗೆಂದು ಸಾಗಹಾಕಲಾಯಿತು, ಇಬೋರಿಗೆ ಶಿಕ್ಷೆಯಾದದ್ದು 2012ರಲ್ಲಿ, ಲಂಡನ್ ನ್ಯಾಯಾಲಯದಲ್ಲಿ. ಗ್ವಾಟೆಮಾಲಾದಲ್ಲಿ ವಿಶ್ವಸಂಸ್ಥೆಯ ಬೆಂಬಲದ ತನಿಖಾ ಆಯೋಗ 2015ರಲ್ಲಿ ಹಾಲಿ ಅಧ್ಯಕ್ಷನೇ ರಾಜೀನಾಮೆ ಕೊಡುವಂತೆ ಮಾಡಿತು. ನಂತರ ಬಂದ ಅಧ್ಯಕ್ಷ ಅದರ ಅವಧಿ ವಿಸ್ತರಿಸಲು ಒಪ್ಪದೆ 2019ರಲ್ಲಿ ಬಾಗಿಲು ಹಾಕಿಸಿದ. ಇಂಡೋನೇಷ್ಯಾದ ಭ್ರಷ್ಟಾಚಾರ ನಿಗ್ರಹ ಆಯೋಗ ಕೆಪಿಕೆ ಮಂತ್ರಿಗಳನ್ನೂ ಸಂಸದರನ್ನೂ ಬಿಡದೆ ಹಿಡಿದಿತ್ತು; 2019ರಲ್ಲಿ ಕಾನೂನು ತಿದ್ದಿ ಅದರ ಸಿಬ್ಬಂದಿಯನ್ನು ಸಾಮಾನ್ಯ ಸರ್ಕಾರಿ ನೌಕರರನ್ನಾಗಿ ಮಾಡಿದರು, ನಂತರ 'ರಾಷ್ಟ್ರಪ್ರಜ್ಞೆ'ಯ ಪರೀಕ್ಷೆಯಲ್ಲಿ 75 ಮಂದಿ ನಪಾಸು ಎಂದರು, ಅವರಲ್ಲಿ ಹಿರಿಯ ತನಿಖಾಧಿಕಾರಿಗಳೂ ಇದ್ದರು. ಹಲ್ಲು ಕಿತ್ತ ಹಾವು ಉಳಿಯಿತು.

ರೊಮೇನಿಯಾದ ಸರ್ಕಾರ ವ್ಯಾಖ್ಯೆಯನ್ನೇ ಬದಲಿಸಲು ನೋಡಿತು. 2017ರ ಜನವರಿ 31ರ ರಾತ್ರಿ ತುರ್ತು ಸುಗ್ರೀವಾಜ್ಞೆ: 2 ಲಕ್ಷ ಲೇಯಿಗಿಂತ (ಅಲ್ಲಿನ ಹಣ) ಕಡಿಮೆ ನಷ್ಟವಾದ ಅಧಿಕಾರ ದುರುಪಯೋಗ ಅಪರಾಧವೇ ಅಲ್ಲ. ಲಕ್ಷಾಂತರ ಜನ ಚಳಿಯಲ್ಲಿ ಬೀದಿಗೆ ಬಂದರು, ಐದೇ ದಿನದಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಜನರ ಕೋಪ ಇಲ್ಲಿ ಫಲ ಕೊಟ್ಟದ್ದಕ್ಕೆ ಕಾರಣ, ಬೇಡಿಕೆ ಒಂದೇ ಸಾಲಿನದಾಗಿತ್ತು, ನಿರ್ದಿಷ್ಟ ಸಂಖ್ಯೆಯ ಒಂದು ಆದೇಶವನ್ನು ರದ್ದುಮಾಡಿ ಎಂಬುದು. 'ಭ್ರಷ್ಟಾಚಾರ ನಿಲ್ಲಿಸಿ' ಎಂಬ ಘೋಷಣೆಗೆ ಯಾವ ಸರ್ಕಾರವೂ ಹೌದು ಎನ್ನುತ್ತದೆ.

ತನಿಖೆ ಮಾಡುವವರೇ ಎಡವುವುದೂ ಉಂಟು. ಇಟಲಿಯಲ್ಲಿ 1992ರ ಫೆಬ್ರವರಿ 17ರಂದು ವೃದ್ಧಾಶ್ರಮವೊಂದರ ಮುಖ್ಯಸ್ಥ ಮಿಲಾನ್‌ನಲ್ಲಿ ಲಂಚ ಪಡೆಯುವಾಗ ಸಿಕ್ಕಿಬಿದ್ದ. ಅಲ್ಲಿಂದ ಹಬ್ಬಿದ ತನಿಖೆ ಎರಡು ವರ್ಷದಲ್ಲಿ ಆಳುವ ಪಕ್ಷಗಳನ್ನೇ ಅಳಿಸಿಹಾಕಿತು. ಆದರೆ ಕಾಲಮಿತಿ ಮೀರಿ ಅನೇಕ ಪ್ರಕರಣಗಳು ಬಿದ್ದುಹೋದವು, ಗುತ್ತಿಗೆ ಮತ್ತು ಪಕ್ಷನಿಧಿಯ ನಿಯಮಗಳ ದುರಸ್ತಿ ಅಷ್ಟೇ ವೇಗದಲ್ಲಿ ನಡೆಯಲಿಲ್ಲ. ಬ್ರೆಜಿಲ್‌ನ ಸರ್ಕಾರಿ ತೈಲ ಕಂಪನಿಯ ಲಂಚ ಹಗರಣವನ್ನು ಬೆನ್ನಟ್ಟಿದ 'ಲಾವಾ ಜಾಟೊ' ತನಿಖೆಯಲ್ಲಿ ನ್ಯಾಯಾಧೀಶ ಮೊರೊ ಮತ್ತು ಪ್ರಾಸಿಕ್ಯೂಟರುಗಳ ಖಾಸಗಿ ಸಂದೇಶಗಳು 2019ರಲ್ಲಿ ಸೋರಿದವು; ಅಷ್ಟರಲ್ಲಿ ಮೊರೊ ಹೊಸ ಸರ್ಕಾರದ ಮಂತ್ರಿಯಾಗಿದ್ದರು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರು ಪಕ್ಷಪಾತಿಯಾಗಿದ್ದರು ಎಂದಿತು. ಜನಪ್ರಿಯ ನಾಯಕನಾಗಲು ಹೊರಟ ನ್ಯಾಯಾಧೀಶ ಆರೋಪಿಗೆ ಕೊಡುವ ಉಡುಗೊರೆ ಇದು.

ನೀವು ಎಲ್ಲಿಂದ ಶುರುಮಾಡಬಹುದು

ದೇಶದ ಕಾನೂನು ಬದಲಿಸುವುದು ಹತ್ತು ಜನರ ಗುಂಪಿಗೆ ಆಗದು, ಒಂದು ಬಾಬತ್ತಿನ ಹಣವನ್ನು ಹಿಂಬಾಲಿಸುವುದು ಆಗುತ್ತದೆ. ಉಗಾಂಡಾದ ಉದಾಹರಣೆ ನೋಡಿ. 1990ರ ದಶಕದ ಆರಂಭದಲ್ಲಿ ಶಾಲೆಗಳಿಗೆಂದು ಕೇಂದ್ರ ಬಿಡುಗಡೆ ಮಾಡಿದ ತಲಾ ಅನುದಾನದಲ್ಲಿ ಸರಾಸರಿ ಶೇ. 13 ಮಾತ್ರ ಶಾಲೆ ತಲುಪುತ್ತಿತ್ತು. ಯಾವ ಜಿಲ್ಲೆಗೆ ಯಾವ ತಿಂಗಳು ಎಷ್ಟು ಹಣ ಹೋಯಿತೆಂದು ಸರ್ಕಾರ ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು, ಶಾಲೆಯ ಗೋಡೆಯ ಮೇಲೂ ಬರೆಸಿತು. 2001ರ ಹೊತ್ತಿಗೆ ತಲುಪುವ ಪಾಲು ಶೇ. 80 ದಾಟಿತ್ತು. ಪ್ರಕಟಣೆಯೊಂದರಿಂದಲೇ ಇಷ್ಟೆಲ್ಲ ಆಯಿತು ಎನ್ನಲಾಗದು, ಅದೇ ಅವಧಿಯಲ್ಲಿ ಬೇರೆ ಸುಧಾರಣೆಗಳೂ ನಡೆದಿದ್ದವು. ಆದರೂ ಮುಖ್ಯೋಪಾಧ್ಯಾಯನ ಕೈಗೆ ಸಂಖ್ಯೆ ಬಂದದ್ದು ಸಣ್ಣ ಸಂಗತಿಯಲ್ಲ.

ಆದ್ದರಿಂದ ಒಂದು ಇಲಾಖೆ, ಒಂದು ಬಾಬತ್ತು, ಒಂದು ಹಣಕಾಸು ವರ್ಷ ಆರಿಸಿಕೊಳ್ಳಿ. ರಸ್ತೆಯಾದರೆ ಮಾಹಿತಿ ಹಕ್ಕಿನಡಿ ಕೇಳಬೇಕಾದದ್ದು ಅಂದಾಜುಪಟ್ಟಿ, ಟೆಂಡರ್ ಪ್ರಕಟಣೆ, ಎಲ್ಲ ಬಿಡ್ಡುಗಳ ತುಲನಾ ಪಟ್ಟಿ, ಕರಾರು, ಪ್ರತಿ ತಿದ್ದುಪಡಿ ಆದೇಶ, ಅಳತೆ ಪುಸ್ತಕದ ಪ್ರತಿ, ಬಿಲ್ಲುಗಳು. 'ಎಲ್ಲ ದಾಖಲೆ ಕೊಡಿ' ಎಂದು ಕೇಳಿದರೆ ಅಸ್ಪಷ್ಟ ಎಂದು ತಿರಸ್ಕರಿಸುತ್ತಾರೆ. ದಾಖಲೆಯ ಹೆಸರು, ಕಾಮಗಾರಿಯ ಸಂಖ್ಯೆ, ಅವಧಿ ಬರೆದು ಕೇಳಿ. ಕಾಗದ ಸಿಕ್ಕ ಮೇಲೆ ಸ್ಥಳಕ್ಕೆ ಹೋಗಿ ಉದ್ದ, ಅಗಲ ಅಳೆಯಿರಿ, ದಿನಾಂಕ ಮತ್ತು ಜಾಗ ಕಾಣುವಂತೆ ಚಿತ್ರ ತೆಗೆಯಿರಿ. ಪದರದ ದಪ್ಪ ಪರೀಕ್ಷಿಸಲು ರಸ್ತೆಯನ್ನು ನೀವೇ ಅಗೆಯಬೇಡಿ, ಅದು ನಿಮ್ಮ ಮೇಲೇ ಕೇಸಾಗುತ್ತದೆ. ಇಲಾಖೆಯ ಗುಣಮಟ್ಟ ವಿಭಾಗ ನಿಮ್ಮ ಎದುರು ಮಾದರಿ ತೆಗೆಯಬೇಕೆಂದು ಲಿಖಿತವಾಗಿ ಕೇಳಿ. ನಿರಾಕರಣೆ ಬಂದರೆ ಅದೂ ಒಂದು ದಾಖಲೆಯೇ.

ದೂರಿನಲ್ಲಿ 'ಇಂಥವನು ತಿಂದಿದ್ದಾನೆ' ಎಂದು ಬರೆಯಬೇಡಿ. ಅದನ್ನು ಸಾಬೀತುಪಡಿಸುವ ಹೊಣೆ ನಿಮ್ಮ ತಲೆಗೆ ಬರುತ್ತದೆ, ಮಾನನಷ್ಟ ಮೊಕದ್ದಮೆಯೂ ಬರಬಹುದು. ಪುಸ್ತಕದಲ್ಲಿ ಇಷ್ಟು, ಸ್ಥಳದಲ್ಲಿ ಇಷ್ಟು, ವ್ಯತ್ಯಾಸಕ್ಕೆ ವಿವರಣೆ ಕೊಡಿ ಎಂದು ಬರೆಯಿರಿ. ಒಬ್ಬರೇ ಸಹಿ ಹಾಕಬೇಡಿ, ದೂರು ಹೋದ ದಿನವೇ ಪ್ರತಿಗಳು ಕನಿಷ್ಠ ಮೂರು ಕಡೆ ಇರಲಿ. ಕಾಗದ ಒಬ್ಬನ ಬಳಿ ಮಾತ್ರ ಇರುವಾಗಲೇ ಅವನಿಗೆ ಅಪಾಯ ಹೆಚ್ಚು. ಕೇಳುವ ಪರಿಹಾರವನ್ನು ಮೂರು ಭಾಗ ಮಾಡಿ: ವ್ಯತ್ಯಾಸದ ಮೊತ್ತದ ವಸೂಲಿ, ಆ ಅಳತೆಗೆ ಸಹಿ ಮಾಡಿದವರಿಂದ ಲಿಖಿತ ವಿವರಣೆ, ಮುಂದಿನ ಬಿಲ್ಲುಗಳಿಗೆ ಮುಂಚೆ ಅಳತೆಯನ್ನು ಬಹಿರಂಗವಾಗಿ ಹಾಕುವ ಆದೇಶ. ಮೊದಲನೆಯದು ಸಿಗದೇ ಹೋಗಬಹುದು, ಎರಡನೆಯದಕ್ಕೆ ವರ್ಷ ಹಿಡಿಯಬಹುದು. ಮೂರನೆಯದಕ್ಕೆ ಹಟ ಹಿಡಿಯಿರಿ, ಮತ್ತು ಮುಂದಿನ ವರ್ಷ ಅದೇ ಬಾಬತ್ತಿನ ಅದೇ ಕಾಗದಗಳನ್ನು ಮತ್ತೆ ಕೇಳಿ.